ಅರ್ಧಕ್ಕಿಂತ ಹೆಚ್ಚು ಖರ್ಚು ಯಾರದು?

ಕಾರ್ಕಳ, ಹೊರಡುವ ಮುನ್ನ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರ ನೋಡಿರಲೇಬೇಕು ಎಂದು ನಮ್ಮ ಕಡೆ ಒಂದು ನಂಬಿಕೆ. ನಾನು ನೋಡಲಿಲ್ಲ. ಐದು ವಾರ ಇದ್ದೆ. ಅದರಲ್ಲಿ ಎರಡು ಶನಿವಾರಗಳನ್ನು ಒಂದು ಊರಿನ ಗ್ರಂಥಾಲಯದಲ್ಲಿ, ಬೇರೆಯವರ ತೆರಿಗೆ ಕಾಗದಗಳ ನಡುವೆ ಕಳೆದು ಬಂದೆ. ಕಾರ್ಕಳದ ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಸಿಕೊಡುವುದೇ ನನ್ನ ಉದ್ಯೋಗ. ಅಷ್ಟು ದೂರ ಹೋಗಿಯೂ ಅದನ್ನೇ ಮಾಡಿದೆಯಲ್ಲ, ಹೋದ ಪುಟ್ಟ ಬಂದ ಪುಟ್ಟ ಎಂದು ಗಂಡ ಈಗಲೂ ನಗುತ್ತಾರೆ.

ಕರೆಸಿಕೊಂಡವನು ನನ್ನ ದೊಡ್ಡಣ್ಣ ಲೂಯಿಸ್. ಒಹಾಯೊ ರಾಜ್ಯದ ಆಸ್ಪತ್ರೆಯೊಂದರಲ್ಲಿ ಬಾಯ್ಲರ್, ಲಿಫ್ಟ್ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತನಾದವನು. ಅತ್ತಿಗೆ ಅದೇ ಆಸ್ಪತ್ರೆಯಲ್ಲಿ ಇನ್ನೂ ನರ್ಸ್. ಅವರಿಗೆ ಮಕ್ಕಳಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಮ್ಮ ಸ್ಟ್ಯಾನಿಯನ್ನು ಹೆಂಡತಿ, ಮಗಳ ಸಮೇತ ಅಲ್ಲಿಗೇ ಕರೆಸಿಕೊಂಡಿದ್ದ. ಸ್ಟ್ಯಾನಿಗೆ ಚಳಿ ಹಿಡಿಸಲಿಲ್ಲ. ಎರಡೇ ವರ್ಷಕ್ಕೆ ಗಂಡ ಹೆಂಡತಿ ನಮ್ಮೂರು ಇನ್ನಂಜೆಗೆ ವಾಪಸಾಗಿ ಮೊದಲಿನ ಹಾಗೆ ಮಲ್ಲಿಗೆ ಕೃಷಿಗೆ ಕೂತರು. ಮಗಳು ರೆನಿಟಾ ಮಾತ್ರ ಓದಲು ಅಲ್ಲೇ ಉಳಿದಳು. ಈಗ ಅವಳಿಗೆ ಇಪ್ಪತ್ತೊಂದು. ಎಕ್ಸ್‌ರೇ, ಸ್ಕ್ಯಾನಿಂಗ್ ಕಲಿಸುವ ಕಾಲೇಜಿನಲ್ಲಿದ್ದಾಳೆ.

ಹೊರಡುವ ಹಿಂದಿನ ದಿನ ಸ್ಟ್ಯಾನಿ ಬಂದ. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜೂಲಿ, ಅವಳನ್ನು ಸ್ವಲ್ಪ ಸರಿಯಾಗಿ ನೋಡಿ ಬಾ. ಫೋನಿನಲ್ಲಿ ಎಂತ ಕೇಳಿದರೂ ಎಲ್ಲ ಉಂಟು ಪಪ್ಪಾ ಅಂತಾಳೆ. ಎಲ್ಲ ಉಂಟು ಅಂದರೆ ಏನೋ ಇಲ್ಲ ಅಂತ ಅಲ್ವಾ?"

ಅವನ ಹೆಂಡತಿ ಮಗಳಿಗೆಂದು ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಕಳಿಸಿದ್ದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಶಿಕಾಗೊ: ಮಲ್ಲಿಗೆ

ಒಹಾಯೊಗೆ ವಿಮಾನ ಬದಲಿಸುವ ಶಿಕಾಗೊ ನಿಲ್ದಾಣದಲ್ಲೇ ಹೂವನ್ನು ತೆಗೆದುಕೊಂಡರು. ತಪ್ಪು ನನ್ನದೇ. ಒಣಮೀನು ಬೇಡವೆಂದು ಬುದ್ಧಿವಂತಿಕೆಯಿಂದ ಬಿಟ್ಟು ಬಂದಿದ್ದೆ. ಹೂವೂ ಗಿಡದ ಜಾತಿಗೇ ಸೇರುತ್ತದೆ ಎಂದು ಹೊಳೆಯಲಿಲ್ಲ. ತಪಾಸಣೆಯ ಅಧಿಕಾರಿ ಗುಂಗುರು ಕೂದಲಿನ ದಪ್ಪ ಹೆಂಗಸು. ಬಾಳೆಲೆ ಬಿಚ್ಚಿದೊಡನೆ ಆ ದೊಡ್ಡ ಹಾಲಿನ ಒಂದು ಮೂಲೆಯೆಲ್ಲ ನಮ್ಮ ಶನಿವಾರ ಸಂಜೆಯ ಪೇಟೆಯ ಹಾಗೆ ಘಮಘಮಿಸಿತು. ಆಕೆ ಕಣ್ಣು ಮುಚ್ಚಿ ಮೂಸಿದಳು. "ಕ್ಷಮಿಸಿ" ಎಂದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಡಬ್ಬಿಗೆ ಹಾಕಿದಳು.

"ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದಳು. ಜನರ ತೆರಿಗೆ ಲೆಕ್ಕ ಮಾಡುತ್ತೇನೆ ಎಂದೆ. "ಇದೇ ತಿಂಗಳು ನಮ್ಮಲ್ಲೂ ಅದೇ ಗೋಳು, ನನ್ನದು ಮಾಡಿಕೊಡುತ್ತೀರಾ?" ಎಂದು ನಕ್ಕು ಮುಂದೆ ಕಳಿಸಿದಳು. ಅಲ್ಲಿ ಏಪ್ರಿಲ್ ನಡುವಿನೊಳಗೆ ರಿಟರ್ನ್ ಹಾಕಬೇಕು. ಅಂದರೆ ನಾನು ಇಲ್ಲಿ ರಿಟರ್ನಿನ ಜುಲೈ ಗಲಾಟೆ ಶುರುವಾಗುವ ಮೊದಲೇ ಹೋಗಿ ಬರುತ್ತೇನೆ ಎಂದು ಹಿಗ್ಗಿ ಅಲ್ಲಿಯ ಜುಲೈಗೆ ಹೋಗಿ ಬಿದ್ದಿದ್ದೆ.

ಶುಕ್ರವಾರದ ಮೀನು

ನಾನು ಹೋದದ್ದು ತಪಸ್ಸು ಕಾಲದಲ್ಲಿ. ಈಸ್ಟರ್‌ಗೆ ಮೊದಲಿನ ನಲವತ್ತು ದಿನ ನಾವು ಕ್ರೈಸ್ತರು ಆಸೆಗಳನ್ನು ಕಡಿಮೆ ಮಾಡಬೇಕು, ಶುಕ್ರವಾರ ಮಾಂಸ ತಿನ್ನಬಾರದು. ಆ ಊರಿನ ಇಗರ್ಜಿಯಲ್ಲಿ ಇದಕ್ಕೆ ಸೊಗಸಾದ ಉಪಾಯ ಮಾಡಿಕೊಂಡಿದ್ದಾರೆ. ಪ್ರತಿ ಶುಕ್ರವಾರ ಸಂಜೆ ಸಭಾಭವನದಲ್ಲಿ ದೊಡ್ಡ ದೊಡ್ಡ ಬಾಣಲೆಯಿಟ್ಟು ಮೀನು ಕರಿದು ಹಂಚುತ್ತಾರೆ. ಇಡೀ ಊರು ಸಾಲು ನಿಲ್ಲುತ್ತದೆ. ಪಡುಬಿದ್ರಿಯ ಬಂಗುಡೆ ತಿಂದು ಬೆಳೆದ ನನಗೆ ಮೀನು ತಿನ್ನುವುದು ಹೇಗೆ ತಪಸ್ಸಾಗುತ್ತದೆ ಎಂದು ಅರ್ಥವಾಗಲಿಲ್ಲ. ತಿಂದ ಮೇಲೆ ಅರ್ಥವಾಯಿತು. ಉಪ್ಪಿಲ್ಲ, ಖಾರವಿಲ್ಲ, ಮುಳ್ಳೂ ಇಲ್ಲ.

ಅಣ್ಣ ಅಲ್ಲಿ ಎಲ್ಲರಿಗೂ ಬೇಕಾದವನು. ಯಾರ ಮನೆಯ ಹೀಟರ್ ಕೆಟ್ಟರೂ ಪೆಟ್ಟಿಗೆ ಹಿಡಿದು ಹೋಗುತ್ತಾನಂತೆ. ಸಾಲಿನಲ್ಲಿ ನಿಂತವರಿಗೆಲ್ಲ ನನ್ನ ಪರಿಚಯ ಹೇಳಿದ: "ನನ್ನ ತಂಗಿ. ಊರಿನಲ್ಲಿ ದೊಡ್ಡ ಟ್ಯಾಕ್ಸ್ ಕನ್ಸಲ್ಟೆಂಟ್." ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ರೆನಿಟಾ ಅಂದು ಬಂದಿರಲಿಲ್ಲ. ಅವಳು ಒಂದೂವರೆ ವರ್ಷದಿಂದ ಅಣ್ಣನ ಮನೆಯಲ್ಲಿಲ್ಲ. ಅಲ್ಲಿಂದ ಕಾಲೇಜಿಗೆ ಮುಕ್ಕಾಲು ಗಂಟೆಯ ದಾರಿಯೆಂದು ಕಾಲೇಜಿನ ಹತ್ತಿರವೇ ಒಂದು ಕೋಣೆ ಹಿಡಿದಿದ್ದಾಳೆ. ಅಣ್ಣ ಎರಡು ತಟ್ಟೆ ಮೀನು ಕಟ್ಟಿಸಿಕೊಂಡ.

"ಒಂದು ರೆನಿಟಾಳಿಗೆ. ವಾರಕ್ಕೆರಡು ಸಲ ಊಟದ ಡಬ್ಬ ಕೊಟ್ಟು ಬರ್ತೇನೆ. ಅವಳದ್ದೆಲ್ಲ ನಾವೇ ನೋಡಿಕೊಳ್ಳುವುದು. ಫೀಸಿಗೂ ಕೋಣೆಯ ಬಾಡಿಗೆಗೂ ಕಾಲೇಜಿನವರೇ ಸ್ಕಾಲರ್‌ಶಿಪ್ ಕೊಟ್ಟಿದ್ದಾರೆ, ಬೇಕರಿಯಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡ್ತಾಳೆ, ಕೈಖರ್ಚಿಗೆ. ನನ್ನ ಟ್ಯಾಕ್ಸ್ ಪೇಪರಿನಲ್ಲಿಯೂ ಅವಳ ಹೆಸರುಂಟು ಗೊತ್ತುಂಟಾ? ಮಗಳ ಜಾಗದಲ್ಲಿ."

ಹೇಳುವಾಗ ಅವನ ಮುಖ ಅರಳಿತ್ತು. ನಾನೂ ಒಳ್ಳೆಯದೇ ಆಯಿತು ಎಂದುಕೊಂಡೆ. ನಮ್ಮ ರೇಷನ್ ಕಾರ್ಡಿನ ಬುದ್ಧಿ ಅದು. ಇನ್ನಂಜೆಯ ನಮ್ಮ ಮನೆಯ ಕಾರ್ಡಿನಲ್ಲಿ ಒಂದು ಕಾಲಕ್ಕೆ ಹನ್ನೊಂದು ಹೆಸರಿತ್ತು. ದುಬಾಯಿಗೆ ಹೋಗಿ ಎಂಟು ವರ್ಷವಾದ ಚಿಕ್ಕಪ್ಪನದೂ ಸೇರಿ. ಮನೆ ಬಿಟ್ಟವರ ಹೆಸರನ್ನು ತೆಗೆಸುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ತೆಗೆಸಿದರೆ ಆಸ್ತಿ ಪಾಲಾಯಿತೋ, ಜಗಳವಾಯಿತೋ ಎಂದು ಊರು ಕೇಳುತ್ತಿತ್ತು.

ಗ್ರಂಥಾಲಯ

ಮರುದಿನ ಶನಿವಾರ ರೆನಿಟಾ ಬಂದು ನನ್ನನ್ನು ಕರೆದುಕೊಂಡು ಹೋದಳು. "ಜೂಲಿ ಆಂಟಿ, ನಿಮಗೆ ಇಷ್ಟವಾಗುವ ಒಂದು ಜಾಗ ತೋರಿಸ್ತೇನೆ" ಎಂದಳು. ಸ್ವಲ್ಪ ಬಡಕಲಾಗಿದ್ದಾಳೆ ಅನ್ನಿಸಿತು. ಕಾರಿನಲ್ಲಿ ಕೂತ ಮೇಲೆ ಬೆಣ್ಣೆ, ಸಕ್ಕರೆಯ ವಾಸನೆ ಬಂತು.

ಅಲ್ಲಿಯ ಗ್ರಂಥಾಲಯಗಳಲ್ಲಿ ಈ ತಿಂಗಳುಗಳಲ್ಲಿ ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ರಿಟರ್ನ್ ತುಂಬಿಸಿಕೊಡುತ್ತಾರೆ. ಮಾಡುವವರು ನಿವೃತ್ತ ಮೇಷ್ಟರು, ಬ್ಯಾಂಕಿನವರು, ಅಂಚೆಯವರು. ಪರೀಕ್ಷೆ ಬರೆದು ಪಾಸಾಗಿ ಕೂರುತ್ತಾರಂತೆ. ಮಕ್ಕಳ ಪುಸ್ತಕದ ಕಪಾಟಿನ ಪಕ್ಕ ಆರು ಮೇಜು, ಆರು ಕಂಪ್ಯೂಟರು. ಜನ ಬಿಸ್ಕತ್ತಿನ ಡಬ್ಬಿಯಲ್ಲಿ, ಚಪ್ಪಲಿಯ ಪೆಟ್ಟಿಗೆಯಲ್ಲಿ ಕಾಗದ ತಂದಿದ್ದರು. ನನ್ನಲ್ಲಿಗೆ ಬರುವವರು ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ, ವ್ಯತ್ಯಾಸ ಅಷ್ಟೇ. ಇನ್ನೊಂದು ವ್ಯತ್ಯಾಸವೂ ಉಂಟು. ನನ್ನ ಕೋಣೆಯಲ್ಲಿ ಗಂಡಸರು ಸಂಬಳ ಹೇಳುವ ಮೊದಲು ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ಒಬ್ಬ ಲಾರಿ ಚಾಲಕ ತಾನು ದುಡಿದದ್ದೆಷ್ಟು, ಹೆಂಡತಿ ಬಿಟ್ಟು ಹೋದದ್ದು ಯಾವಾಗ ಎಂದೆಲ್ಲ ಇಡೀ ಕೋಣೆಗೆ ಕೇಳುವ ಹಾಗೆ ಹೇಳುತ್ತಿದ್ದ.

ನಮಗೆ ಸಿಕ್ಕವಳು ಡೋರೀನ್ ಎಂಬ ನಿವೃತ್ತ ಗಣಿತದ ಟೀಚರ್. ಎಪ್ಪತ್ತು ದಾಟಿದವಳು, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿಯುವವಳು. ನನ್ನ ಉದ್ಯೋಗ ಕೇಳಿದ ಮೇಲೆ ಒಂದೊಂದು ಸಾಲನ್ನೂ ನನಗೆ ವಿವರಿಸಿದಳು. ಕಾಲೇಜಿನ ಫೀಸು ಕಟ್ಟಿದವರಿಗೆ ಅಲ್ಲಿ ತೆರಿಗೆಯ ಮೊತ್ತದಿಂದಲೇ ಕಳೆದುಕೊಡುತ್ತಾರೆ. ಪದವಿಯ ಮೊದಲ ನಾಲ್ಕು ವರ್ಷ, ಫೀಸು, ಪುಸ್ತಕ ಎಲ್ಲದಕ್ಕೂ. ಕಳೆಯಲು ತೆರಿಗೆಯೇ ಇಲ್ಲದಿದ್ದರೆ ಒಂದು ಪಾಲನ್ನು ಕೈಗೇ ಕೊಡುತ್ತಾರೆ.

"ತೆರಿಗೆ ಕಟ್ಟದವರಿಗೂ?" ಎಂದು ನಾನು ಎರಡು ಸಲ ಕೇಳಿದೆ.

"ತಾವೇ ದುಡಿದು ಓದುತ್ತಿದ್ದರೆ, ಅವರಿಗೂ" ಎಂದಳು ಡೋರೀನ್.

ನನಗೆ ಯಲ್ಲವ್ವ ನೆನಪಾದಳು. ಬಾದಾಮಿ ಕಡೆಯಿಂದ ಬಂದು ಕಾರ್ಕಳದ ಕಲ್ಲಿನ ಕ್ವಾರಿಯಲ್ಲಿ ಗಂಡನ ಜೊತೆ ಕೆಲಸ ಮಾಡುವವಳು. ಕಳೆದ ವರ್ಷ ಮಗಳ ಕಾಲೇಜಿನ ಫೀಸಿನ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ನನ್ನ ಮಹಡಿ ಹತ್ತಿ ಬಂದಿದ್ದಳು. ಕ್ವಾರಿಯ ಮೇಸ್ತ್ರಿ ತನ್ನ ಮಗನ ರಸೀದಿ ಕೊಟ್ಟು ತೆರಿಗೆ ಉಳಿಸಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು.

"ಅಕ್ಕಾರ, ಈ ಚೀಟಿ ಕೊಟ್ರ ಏನರ ತಿರುಗಿ ಬರ್ತೈತೇನ್ರಿ?"

ನಮ್ಮಲ್ಲಿ ಹಳೆಯ ಪದ್ಧತಿಯ ತೆರಿಗೆ ಆರಿಸಿಕೊಂಡವರು ಇಬ್ಬರು ಮಕ್ಕಳ ಟ್ಯೂಷನ್ ಫೀಸನ್ನು ಆದಾಯದಲ್ಲಿ ಕಳೆದು ತೋರಿಸಬಹುದು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಶಿಕ್ಷಣ ಸಾಲದ ಬಡ್ಡಿಯದೂ ಇದೇ ಕಥೆ. ಯಾವುದಾದರೂ ತೆರಿಗೆ ಕಟ್ಟುವವರಿಗೆ ಮಾತ್ರ. ಮಣಿಪಾಲದಲ್ಲಿ ಮಗನನ್ನು ಓದಿಸುವ ಡಾಕ್ಟರರಿಗೆ ಅಷ್ಟಿಷ್ಟು ಉಳಿಯುತ್ತದೆ, ಯಲ್ಲವ್ವನಿಗೆ ಸೊನ್ನೆ. "ನೀವು ತೆರಿಗೆ ಕಟ್ಟುವುದಿಲ್ಲವಲ್ಲ, ನಿಮಗೆ ಬರುವುದಿಲ್ಲ" ಎಂದು ನಾನು ಹೇಳಿದ್ದೆ. "ಹೌದ್ರಿ" ಎಂದು ರಸೀದಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿಕೊಂಡು ಇಳಿದು ಹೋದಳು. ಕಾನೂನು ಹೇಳಿದ್ದನ್ನೇ ನಾನು ಹೇಳಿದ್ದು. ಆದರೂ ಆ ಗ್ರಂಥಾಲಯದ ಕುರ್ಚಿಯಲ್ಲಿ ಕೂತು ನನಗೆ ತುಂಬ ಬೇಜಾರಾಯಿತು. ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಹಾಕಬೇಕೆಂದಾದರೂ ಹೇಳಿ ಕಳಿಸಬಹುದಿತ್ತು.

ಅಲ್ಲಿಯದೂ ಸ್ವರ್ಗವಲ್ಲ. ಫೀಸು ಮೊದಲು ಕಟ್ಟಬೇಕು, ಹಣ ಬರುವುದು ಮರು ವರ್ಷ. ಫೀಸಿನ ಮೊತ್ತವೂ ಸಣ್ಣದಲ್ಲ. ರೆನಿಟಾ ಈ ಹಣವನ್ನು ಮುಂದಿನ ಅವಧಿಯ ಫೀಸಿಗೆಂದೇ ನೆಚ್ಚಿಕೊಂಡಿದ್ದಳು. ಅದು ಬರದಿದ್ದರೆ ಒಂದು ವರ್ಷ ಓದು ನಿಲ್ಲಿಸಬೇಕೆಂದು ಅವಳು ಡೋರೀನ್‌ಗೆ ಹೇಳಿದಾಗಲೇ ನನಗೆ ಗೊತ್ತಾದದ್ದು. ಸ್ಕಾಲರ್‌ಶಿಪ್ ಎಲ್ಲಿ ಹೋಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಡೋರೀನ್ ಕಳಿಸುವ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿನಲ್ಲಿ ರಿಟರ್ನ್ ತಿರಸ್ಕಾರವಾಗಿ ವಾಪಸ್ ಬಂತು.

ಡೋರೀನ್ ಕನ್ನಡಕ ಕೆಳಗಿಳಿಸಿದಳು. "ನಿನ್ನನ್ನು ತಮ್ಮ ಅವಲಂಬಿತೆ, ತಾವು ಸಾಕುವವಳು ಎಂದು ಬೇರೆ ಯಾರೋ ಈಗಾಗಲೇ ತೋರಿಸಿಕೊಂಡಿದ್ದಾರೆ. ಹಾಗಿರುವಾಗ ಫೀಸಿನ ಈ ಹಣ ನಿನಗೆ ಸಿಗುವುದಿಲ್ಲ. ಯಾರೆಂದು ಕಂಪ್ಯೂಟರ್ ಹೇಳುವುದಿಲ್ಲ. ನಿನಗೆ ಗೊತ್ತೇ?"

"ಇಲ್ಲ" ಎಂದಳು ರೆನಿಟಾ. ನನ್ನ ಕಡೆ ನೋಡಲಿಲ್ಲ.

"ನಿನ್ನ ಜೀವನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ? ಪ್ರಶ್ನೆ ಅದೊಂದೇ. ನೀನೇ ಆದರೆ ಬೇರೆ ಯಾರೂ ನಿನ್ನ ಹೆಸರು ಹಾಕುವಂತಿಲ್ಲ."

ರೆನಿಟಾ ಕಾಗದಗಳನ್ನು ಒಟ್ಟು ಮಾಡಿದಳು. ಮುಂದಿನ ವಾರ ಬರುತ್ತೇವೆ ಎಂದು ನಾನೇ ಹೇಳಿದೆ.

ರೆನಿಟಾಳ ಕೋಣೆ

ಅವಳ ಕೋಣೆ ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲೆ. ಕೆಳಗೆ ಹತ್ತು ಯಂತ್ರ ತಿರುಗುವಾಗ ನೆಲ ಅದುರುತ್ತದೆ. ಮಂಚ, ಮೇಜು, ಒಲೆ ಎಲ್ಲ ಅಲ್ಲೇ. ಫ್ರಿಜ್ಜಿನಲ್ಲಿ ಅಣ್ಣನ ಡಬ್ಬಗಳನ್ನು ಬಿಟ್ಟರೆ ಹಾಲು, ಮೊಟ್ಟೆ, ಬೇಕರಿಯಲ್ಲಿ ಉಳಿದ ಬ್ರೆಡ್ಡು.

"ಸ್ಕಾಲರ್‌ಶಿಪ್ ಎಷ್ಟು ಸಿಗ್ತದೆ ನಿನಗೆ?" ಎಂದೆ.

"ಮೊದಲನೇ ವರ್ಷ ಸ್ವಲ್ಪ ಇತ್ತು ಆಂಟಿ. ಈಗ ಇಲ್ಲ."

ಬೆಳಗ್ಗೆ ನಾಲ್ಕಕ್ಕೆ ಬೇಕರಿ, ಹನ್ನೊಂದಕ್ಕೆ ಕಾಲೇಜು, ಶನಿವಾರ ಮಧ್ಯಾಹ್ನದಿಂದ ಭಾನುವಾರದವರೆಗೆ ವೃದ್ಧರ ಮನೆಯೊಂದರಲ್ಲಿ ಕೆಲಸ. ಬಾಡಿಗೆ, ಕಾರು, ಫೀಸು ಎಲ್ಲ ಅವಳದೇ. ಅಪ್ಪನಿಗೆ ಹೇಳಿಲ್ಲ, ದೊಡ್ಡಪ್ಪನಿಗೂ ಹೇಳಿಲ್ಲ. ದೊಡ್ಡಪ್ಪನನ್ನು ನಮ್ಮವರು ಬಾಪ್ಪು ಎನ್ನುತ್ತಾರೆ.

"ಬಾಪ್ಪುವಿಗೆ ಹೇಳಿದರೆ ಅವರೇ ಕಟ್ತಾರೆ. ಅವರಿಗೆ ಪಿಂಚಣಿ ಎಷ್ಟು ಬರ್ತದೆ ನನಗೆ ಗೊತ್ತುಂಟು. ದೊಡ್ಡಮ್ಮ ಇನ್ನೂ ರಾತ್ರಿ ಪಾಳಿ ಮಾಡುವುದು ಯಾಕೆ ಅಂತಲೂ ಗೊತ್ತುಂಟು."

"ಹಾಗಾದರೆ ಪೇಪರಿನಿಂದ ನಿನ್ನ ಹೆಸರು ತೆಗೆಯಲಿಕ್ಕೆ ಹೇಳು. ಅಷ್ಟೇ ಸಾಕಲ್ಲ. ಅವನಿಗೆ ಅದರಿಂದ ಸಿಗುವುದು ಹಿಡಿಯಷ್ಟು, ನಿನಗೆ ತಪ್ಪುವುದು ಮೂಟೆಯಷ್ಟು."

ಅವಳು ಮಂಚದ ಅಂಚಿನಲ್ಲಿ ಕೂತಳು.

"ಅವರು ಎಲ್ಲರ ಹತ್ತಿರವೂ ಹೇಳ್ತಾರೆ ಆಂಟಿ, ನನ್ನ ಪೇಪರಿನಲ್ಲಿ ಇವಳು ಮಗಳು ಅಂತ. ನಾನು ಹೇಗೆ ಹೇಳುವುದು, ನನ್ನನ್ನು ತೆಗೆಯಿರಿ ಅಂತ?"

ನಾನು ಹೇಳ್ತೇನೆ ಬಿಡು ಎಂದೆ. ನನ್ನ ಬಾಯಿಯ ಮೇಲೆ ನನಗೆ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ನಂಬಿಕೆ.

ಭಾನುವಾರ

ಮರುದಿನ ರೆನಿಟಾ ಯಾರ ಜೊತೆಗೋ ಪಾಳಿ ಬದಲಾಯಿಸಿಕೊಂಡು ಇಗರ್ಜಿಯ ಪೂಜೆಗೆ ಬಂದಳು. ಪೂಜೆ ಮುಗಿಸಿ ಊಟಕ್ಕೆ ಕೂತೆವು. ಅತ್ತಿಗೆ ಕೋಳಿ ಸಾರಿಗೆ ಅದ್ದಿ ತಿನ್ನುವ ಗರಿಗರಿ ಕೋರಿ ರೊಟ್ಟಿ ಮಾಡಿದ್ದಳು. ನಾನು ನಯವಾಗಿ ಶುರು ಮಾಡಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದೆ. ಬಾಯಿಂದ ಬಂದದ್ದು ಬೇರೆಯೇ.

"ಅಣ್ಣಾ, ನೀನು ತಪ್ಪು ರಿಟರ್ನ್ ಹಾಕಿದ್ದೀ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಎಂತ ತಪ್ಪು? ಒಂದು ದಿನವೂ ಸುಳ್ಳು ಲೆಕ್ಕ ಬರೆದವನಲ್ಲ ನಾನು. ನಿನ್ನ ಕಾರ್ಕಳದ ಗಿರಾಕಿಗಳ ಹಾಗೆ ಅಂದುಕೊಂಡೆಯಾ?"

"ರೆನಿಟಾಳ ಹೆಸರು ಹಾಕುವ ಹಾಗಿಲ್ಲ."

"ಯಾಕಿಲ್ಲ? ನನ್ನ ತಮ್ಮನ ಮಗಳಲ್ವಾ? ಅವಳನ್ನು ನೋಡಿಕೊಳ್ಳುವವರು ನಾವಲ್ವಾ?"

ನಾನು ಕಾನೂನು ಹೇಳತೊಡಗಿದೆ: ಅರ್ಧಕ್ಕಿಂತ ಹೆಚ್ಚು ಖರ್ಚು, ಅದರ ಅರ್ಥ, ಇತ್ಯಾದಿ. ನಾನು ಹೇಳಿದಷ್ಟೂ ಅವನ ಮುಖ ಕೆಂಪಾಯಿತು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ನಾನು ಮೊದಲಿಂದಲೂ ಹುಷಾರು. ಕೊನೆಗೆ ಅತ್ತಿಗೆಯೇ ನನ್ನನ್ನು ಸುಮ್ಮನಾಗಿಸಿ ರೆನಿಟಾಳ ಕಡೆ ತಿರುಗಿದಳು.

"ನೀನು ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀ ಮಗಾ?"

"ಮೂರಕ್ಕೆ" ಎಂದಳು ರೆನಿಟಾ.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಬೇಕರಿ, ವೃದ್ಧರ ಮನೆ, ನಿಂತು ಹೋದ ಸ್ಕಾಲರ್‌ಶಿಪ್. ಅಣ್ಣ ತಟ್ಟೆಯನ್ನೇ ನೋಡುತ್ತಿದ್ದ. ಸಾರಿನಲ್ಲಿ ರೊಟ್ಟಿ ನೆನೆದು ಮುದ್ದೆಯಾಗುತ್ತಿತ್ತು.

"ನಾನು ಅರ್ಧ ಅಲ್ಲ, ಪೂರ್ತಿ ನೋಡಿಕೊಳ್ತಿದ್ದೇನೆ ಅಂತ ಇದ್ದೆ" ಎಂದ ಅವನು. ಸಿಟ್ಟು ಪೂರ್ತಿ ಇಳಿದಿತ್ತು. "ಒಂದೂವರೆ ವರ್ಷ ಮೀನು ಸಾರು ಕೊಟ್ಟು ಮಗಳನ್ನು ಸಾಕಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ."

"ಆ ಡಬ್ಬ ಬಾರದ ದಿನ ನಾನು ಅತ್ತದ್ದುಂಟು ಬಾಪ್ಪು" ಎಂದಳು ರೆನಿಟಾ.

ಅವನು ಎದ್ದು ಕೈತೊಳೆಯಲು ಹೋದವನು ಸುಮಾರು ಹೊತ್ತು ಬರಲಿಲ್ಲ. ನನಗೆ ಅವನ ಮೇಲೆ ಕನಿಕರವೂ, ನನ್ನ ಒರಟು ಮಾತಿನ ಮೇಲೆ ಸಿಟ್ಟೂ ಬಂತು. ಬಂದ ಮೇಲೆ ಕೇಳಿದ: "ಶನಿವಾರ ಎಷ್ಟು ಗಂಟೆಗೆ ತೆರೀತದೆ ಆ ಲೈಬ್ರರಿ?"

ಮತ್ತೆ ಗ್ರಂಥಾಲಯ

ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮೊದಲು ಅವನದೇ ತಿದ್ದುಪಡಿ. ಡೋರೀನ್ ತಿದ್ದಿದ ರಿಟರ್ನಿನಲ್ಲಿ ಒಂದೇ ಹೆಸರು ಕಡಿಮೆಯಾಯಿತು; ಅವನು ಪಡೆದುಕೊಂಡಿದ್ದ ಸಣ್ಣ ಮೊತ್ತವನ್ನು ವಾಪಸ್ ಕಟ್ಟಬೇಕೆಂದು ಬಂತು. ಸಹಿ ಮಾಡುವಾಗ ಪೆನ್ನನ್ನು ಎರಡು ಸಲ ಒರೆಸಿಕೊಂಡ.

ಆಮೇಲೆ ರೆನಿಟಾ ಕೂತಳು. ಅಣ್ಣನ ತಿದ್ದುಪಡಿ ದಾಖಲಾಗುವವರೆಗೆ ಕಂಪ್ಯೂಟರ್ ಮತ್ತೆ ತಿರಸ್ಕರಿಸುತ್ತದಾದ್ದರಿಂದ ಈ ಸಲ ಅದರಲ್ಲಿ ತುಂಬಿಸಿ, ಮುದ್ರಿಸಿ, ಅಂಚೆಯಲ್ಲಿ ಕಳಿಸುವುದೆಂದು ಡೋರೀನ್ ನಿರ್ಧರಿಸಿದ್ದಳು. ಹಣ ಬರುವುದು ತಡವಾಗುತ್ತದೆ, ಆದರೆ ಬರುತ್ತದೆ. ಅಲ್ಲಿಯವರೆಗೆ ಕಂತಿನಲ್ಲಿ ಕಟ್ಟಲು ಕಾಲೇಜಿನವರು ಒಪ್ಪಿದ್ದರು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ನಿಮ್ಮನ್ನು ಬೇರೆ ಯಾರಾದರೂ ತಮ್ಮ ಅವಲಂಬಿತರೆಂದು ತೋರಿಸಬಹುದೇ? ಕೆಳಗೆ ಹೌದು, ಇಲ್ಲ.

ಡೋರೀನ್ ಕಂಪ್ಯೂಟರಿನ ಮೌಸನ್ನು ಅವಳ ಕಡೆ ತಳ್ಳಿದಳು. "ಇದನ್ನು ನೀನೇ ಒತ್ತಬೇಕು."

ರೆನಿಟಾಳ ಕೈ ಅದರ ಮೇಲೆ ನಿಂತೇ ಇತ್ತು. ಲಾರಿ ಚಾಲಕನಂಥವರೆಲ್ಲ ಸುತ್ತ ಮಾತಾಡುತ್ತಲೇ ಇದ್ದರು. ಅಣ್ಣ ಅವಳ ಕುರ್ಚಿಯ ಹಿಂದೆ ಬಂದು ನಿಂತ.

"ಇಲ್ಲ ಅಂತ ಒತ್ತು ಮಗಾ" ಎಂದ.

ಅವಳು ಒತ್ತಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಡೋರೀನ್‌ಗೆ ನಮ್ಮ ಮಾತು ಅರ್ಥವಾಗದಿದ್ದರೂ ಅವಳು ಮುದ್ರಿಸಿದ ಹಾಳೆಗಳನ್ನು ತರುವ ನೆಪದಲ್ಲಿ ಎದ್ದು ಹೋಗಿ ನಿಧಾನವಾಗಿ ಬಂದಳು. ಸಹಿಯ ಜಾಗಕ್ಕಿಂತ ಮೇಲೆ ಒಂದು ಸಾಲು ಖಾಲಿಯಿತ್ತು. ಈ ರಿಟರ್ನಿನ ವಿಷಯದಲ್ಲಿ ಇಲಾಖೆಯವರು ನಿಮ್ಮ ಪರವಾಗಿ ಬೇರೊಬ್ಬರ ಹತ್ತಿರ ಮಾತಾಡಬಹುದೇ, ಹೌದಾದರೆ ಅವರ ಹೆಸರು ಬರೆಯಿರಿ. "ಹೆಚ್ಚಿನವರು ಇದನ್ನು ಖಾಲಿ ಬಿಡುತ್ತಾರೆ" ಎಂದಳು ಡೋರೀನ್.

ರೆನಿಟಾ ಪೆನ್ನು ತೆಗೆದುಕೊಂಡು ದೊಡ್ಡ ಅಕ್ಷರಗಳಲ್ಲಿ ಬಾಪ್ಪುವಿನ ಪೂರ್ತಿ ಹೆಸರು ಬರೆದಳು. ಆಮೇಲೆ ತಲೆ ಎತ್ತಿ, "ನಂಬರ್ ಹೇಳಿ ಬಾಪ್ಪು" ಎಂದಳು.

ಮೂವತ್ತು ವರ್ಷದಿಂದ ಒಂದೇ ಫೋನ್ ನಂಬರ್ ಇಟ್ಟುಕೊಂಡವನು ನನ್ನ ಅಣ್ಣ. ಅಂದು ಅದನ್ನು ಮೂರು ಸಲ ತಪ್ಪು ಹೇಳಿದ.